ಗ್ಯಾರೇಜ್ ಗಲ್ಲಿ: ಒಂದೂವರೆ ಇಂಚು ರಬ್ಬರು

ಚಿಂತಾಮಣಿಯಿಂದ ಓದುಗ ಮಿತ್ರರೊಬ್ಬರು ಪತ್ರ ಬರೆದು ಕೆಣಕಿದ್ದಾರೆ. "ಸ್ವಾಮಿ, ಇಂಗ್ಲಿಷ್ ಪಿಕ್ಚರುಗಳಲ್ಲಿ ಹೀರೋ ಕಾರಿಗೆ ಒಂದು ಸೀನಿನಲ್ಲಿ ಗಟ್ಟಿ ಟಾಪ್ ಇರುತ್ತೆ. ಮುಂದಿನ ಸೀನಿನಲ್ಲಿ ಅದೇ ಕಾರು, ಅದೇ ನಂಬರು, ಆದರೆ ತಲೆ ಮೇಲೆ ಬರೀ ಆಕಾಶ! ಇದು ಡೈರೆಕ್ಟರ್ ಮಾಡಿದ ಎಡವಟ್ಟೋ, ಎಡಿಟರ್ ಮಾಡಿದ್ದೋ?"

ಇಬ್ಬರದೂ ಅಲ್ಲ ಮಿತ್ರರೇ. ಅದು ಕಳಚಿಡುವ ಟಾಪು. ಹಾರ್ಡ್‌ಟಾಪ್ ಅಂತಾರೆ. ಬಟ್ಟೆಯ ಹುಡ್ ಆದರೆ ಮಡಚಿ ಸೀಟಿನ ಹಿಂದಿನ ಗುಂಡಿಯಲ್ಲಿ ಇಟ್ಟುಬಿಡಬಹುದು. ಹಾರ್ಡ್‌ಟಾಪ್ ಮಡಚುವುದಿಲ್ಲ. ತಗಡಿನದೋ ಫೈಬರಿನದೋ ಇಡೀ ಛಾವಣಿ, ಹಿಂದಿನ ಗಾಜಿನ ಸಮೇತ ಒಂದೇ ತುಂಡು. ಮುಂದೆ ಎರಡು, ಹಿಂದೆ ಎರಡು ಕೊಕ್ಕೆ ಬಿಚ್ಚಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಎತ್ತಿದರೆ ಟ್ರಂಕಿನ ಮುಚ್ಚಳದ ಹಾಗೆ ಎದ್ದು ಬರುತ್ತದೆ. ಬಿಸಿಲುಗಾಲಕ್ಕೆ ತೆಗೆದಿಡುವುದು, ಚಳಿಗೆ ಮಳೆಗೆ ಹಾಕಿಕೊಳ್ಳುವುದು. ತೆಗೆದದ್ದನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು, ಜೇಬಿನಲ್ಲಿ ಇಟ್ಟುಕೊಳ್ಳಲಾಗುತ್ತದೆಯೇ!

'ಅಮೆರಿಕನ್ ಗ್ರಾಫಿಟಿ' ನೋಡಿದ್ದೀರಾ? 1973ರ ಚಿತ್ರ. 'ಸ್ಟಾರ್ ವಾರ್ಸ್' ಮಾಡುವುದಕ್ಕೆ ಮುಂಚೆ ಜಾರ್ಜ್ ಲ್ಯೂಕಾಸ್ ಮಾಡಿದ್ದು. ಅದರಲ್ಲಿ ರಿಚರ್ಡ್ ಡ್ರೈಫಸ್ ಇಡೀ ರಾತ್ರಿ ಊರೆಲ್ಲ ಅಲೆಯುವುದು ಒಂದು ಬಿಳಿ ಕಾರಿಗೋಸ್ಕರ. 1956ರ ಫೋರ್ಡ್ ಥಂಡರ್‌ಬರ್ಡ್ ಅದು. ತಲೆಯ ಮೇಲೆ ಕಳಚುವ ಫೈಬರ್ ಟಾಪು, ಟಾಪಿನ ಬದಿಯಲ್ಲಿ ಹಡಗಿನ ಕಿಂಡಿಯಂಥ ದುಂಡು ಗಾಜು. ಒಳಗೆ ಸುಜಾನ್ ಸೋಮರ್ಸ್. ಸಿಗ್ನಲಿನಲ್ಲಿ ಪಕ್ಕಕ್ಕೆ ಬಂದು ನಿಂತು, ಗಾಜಿನ ಹಿಂದಿನಿಂದ ಹುಡುಗನಿಗೆ ಏನೋ ಹೇಳುತ್ತಾಳೆ. ತುಟಿ ಆಡುತ್ತದೆ, ಮಾತು ಕೇಳಿಸುವುದಿಲ್ಲ. ಕಾರು ಹೊರಟುಹೋಗುತ್ತದೆ. ಅಷ್ಟಕ್ಕೇ ಹುಡುಗನ ತಲೆ ಕೆಟ್ಟಿತು.

ಈ ಸೀನನ್ನು ನಮ್ಮ ಮೇಸ್ತ್ರಿಗೆ ಒಮ್ಮೆ ಫೋನಿನಲ್ಲಿ ತೋರಿಸಿದ್ದೆ. ಎರಡು ಸಲ ನೋಡಿ, ಬೀಡಿ ಹಚ್ಚಿ, "ಬೀಡಿಂಗ್ ಚೆನ್ನಾಗೈತೆ ಕಣ್ಲಾ" ಅಂದರು. ಅಷ್ಟೇ ಅವರ ವಿಮರ್ಶೆ!

ಈ ವಾರ ಗ್ಯಾರೇಜ್ ಗಲ್ಲಿಯಲ್ಲಿ ಆ ಬೀಡಿಂಗಿನದೇ ಕಥೆ. ಟಾಪು ಕಾರಿನ ಮೈಮೇಲೆ ಕೂರುವ ಜಾಗದಲ್ಲೆಲ್ಲ ಸುತ್ತ ರಬ್ಬರು ಪಟ್ಟಿ ಇರುತ್ತದಲ್ಲ, ಅದು. ಪೋಸ್ಟರಿನಲ್ಲಿ ಕಾಣುವುದಿಲ್ಲ, ಕ್ಲೋಸಪ್ಪಿನಲ್ಲಿ ಬರುವುದಿಲ್ಲ. ಆದರೆ ಅದರಲ್ಲಿ ಒಂದೂವರೆ ಇಂಚು ಕಮ್ಮಿಯಾದದ್ದಕ್ಕೆ ಒಂದು ಶೂಟಿಂಗ್ ನಿಂತಿತು, ಒಬ್ಬ ದೊಡ್ಡ ಕೆಲಸಗಾರ ತಲೆ ತಗ್ಗಿಸಿ ನಿಂತರು. ಆ ಒಂದೂವರೆ ಇಂಚು ಕತ್ತರಿಸಿದ ಪುಣ್ಯಾತ್ಮ ಬೇರೆ ಯಾರೂ ಅಲ್ಲ, ನಾನೇ.

ಆಗ ನನಗೆ ಹತ್ತೊಂಬತ್ತು. ಪಿ.ಯು.ಸಿ.ಗೆ ದೊಡ್ಡ ನಮಸ್ಕಾರ ಹಾಕಿ ಬೆಂಗಳೂರಿನಲ್ಲಿ ಒಂದು ಶೆಡ್ಡು ಸೇರಿಕೊಂಡಿದ್ದೆ. ಹಳೇ ಕಾರುಗಳ ಟಿಂಕರಿಂಗಿನಲ್ಲಿ ಮೇಸ್ತ್ರಿಯದು ದೊಡ್ಡ ಹೆಸರು. ಸಿನಿಮಾದವರಿಗೆ ಹಳೇ ಕಾಲದ ಕಾರು ಬೇಕಾದಾಗ ಪ್ರೊಡಕ್ಷನ್ ಮ್ಯಾನೇಜರುಗಳು ಅವರ ಶೆಡ್ಡಿಗೇ ಬರುತ್ತಿದ್ದರು. ನಾನು ಅಲ್ಲಿ ನಿಂತದ್ದಕ್ಕೆ ಅದೂ ಒಂದು ಕಾರಣ ಅಂತ ಬೇರೆ ಹೇಳಬೇಕೇ?

ಆ ವರ್ಷ ಮೇ ತಿಂಗಳಲ್ಲಿ ಒಬ್ಬ ಮ್ಯಾನೇಜರು ಬಂದರು. ಕಥೆ ನಡೆಯುವುದು ಹಿಂದಿನ ಕಾಲದಲ್ಲಂತೆ. ಹೀರೋ ವಿಲಾಯತಿಯಿಂದ ಬಂದ ಸಾಹುಕಾರರ ಮಗನಂತೆ. ರಾತ್ರಿ, ಮಳೆ, ಹಾಡು. ಕಾರಿನೊಳಗೆ ಹೀರೋ ಹೀರೋಯಿನ್, ಹೊರಗೆ ಜಡಿಮಳೆ. "ಮೇಸ್ತ್ರಿ, ಯಾರ ಹತ್ರಾನೂ ಇಲ್ಲದ ಗಾಡಿ ಬೇಕು" ಅಂದರು.

ಮೇಸ್ತ್ರಿಗೆ ಅಂಥದ್ದೊಂದು ಗೊತ್ತಿತ್ತು. ಒಬ್ಬರು ವಯಸ್ಸಾದ ಅಮ್ಮನವರ ಮನೆಯ ಹಿಂದೆ ಟಾರ್ಪಾಲ್ ಹೊದ್ದು ಮಲಗಿದ್ದ ಮರ್ಸಿಡಿಸ್ 230 ಎಸ್‌ಎಲ್. ಅವರ ಯಜಮಾನರು ಹೊರದೇಶದಲ್ಲಿ ದುಡಿದು ಬರುವಾಗ ಜೊತೆಗೇ ತಂದಿದ್ದ ಗಾಡಿ, ಎಡಗಡೆ ಸ್ಟೀರಿಂಗು. ಹಾಲಿಗೆ ಒಂದು ಹನಿ ಡಿಕಾಕ್ಷನ್ ಬಿದ್ದಂಥ ಬಣ್ಣ.

ಈ ಕಾರಿನ ಬಗ್ಗೆ ಸ್ವಲ್ಪ ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬಾರದು. 1963ರಲ್ಲಿ ಜಿನೀವಾದ ಮೋಟಾರು ಪ್ರದರ್ಶನದಲ್ಲಿ ಮೊದಲು ಮುಖ ತೋರಿಸಿತು. ರೂಪ ಕೊಟ್ಟವರು ಪಾಲ್ ಬ್ರಾಕ್ ಎಂಬ ಫ್ರೆಂಚ್ ಮಹಾಶಯ. ಟಾಪಿನ ಹಿಂದಿನ ತಲೆ ಬೆಲಾ ಬರೆನ್ಯಿ ಅವರದು. ಅಪಘಾತದಲ್ಲಿ ಕಾರಿನ ಮೂತಿ ಮುದುಡಿ ಒಳಗಿನವರನ್ನು ಉಳಿಸಬೇಕು ಎಂದು ಮೊದಲು ಯೋಚಿಸಿದ ಎಂಜಿನಿಯರ್ ಅವರೇ. ಎಲ್ಲ ಕಾರಿನ ಟಾಪು ನಡುವೆ ಉಬ್ಬಿದ್ದರೆ, ಇದರದ್ದು ನಡುವೆ ತಗ್ಗು, ಎರಡು ಬದಿ ಎತ್ತರ. ಬಾಗಿಲ ಗಾಜು ಎತ್ತರವಿದ್ದರೆ ತಲೆ ತಗ್ಗಿಸದೆ ಹತ್ತಿ ಇಳಿಯಬಹುದು, ತಗಡಿಗೂ ಗಟ್ಟಿತನ ಬರುತ್ತದೆ ಎಂಬ ಲೆಕ್ಕ. ಜನ ಬೌದ್ಧರ ಗುಡಿಯ ಮಾಡು ನೆನೆದು 'ಪಗೋಡ' ಅಂತ ಅಡ್ಡಹೆಸರಿಟ್ಟರು. 230, 250, 280 ಎಂದು ಮೂರು ಅವತಾರ ಎತ್ತಿ 1971ರಲ್ಲಿ ನಿಂತಿತು. ಅಷ್ಟರಲ್ಲಿ ಹೊರಬಂದವು ಒಟ್ಟು 48,912. ಇವುಗಳಲ್ಲಿ 'ಕ್ಯಾಲಿಫೋರ್ನಿಯಾ' ಅಂತ ಒಂದು ಜಾತಿ ಇತ್ತು. ಅದಕ್ಕೆ ಹಾರ್ಡ್‌ಟಾಪ್ ಮಾತ್ರ, ಬಟ್ಟೆ ಹುಡ್ಡೇ ಇಲ್ಲ! ಟಾಪ್ ಮನೆಯಲ್ಲಿಟ್ಟು ಹೊರಟಾಗ ಮಳೆ ಬಂದರೆ ದೇವರೇ ಗತಿ. ಮಲೆನಾಡಿನವರು ಯಾರೂ ಇಂಥ ಕಾರು ಮಾಡುತ್ತಿರಲಿಲ್ಲ ಬಿಡಿ.

ಚಿತ್ರರಸಿಕರು ಇದನ್ನು ನೋಡಬೇಕಾದದ್ದು 'ಟೂ ಫಾರ್ ದಿ ರೋಡ್' ಚಿತ್ರದಲ್ಲಿ. 1967ರದ್ದು, ಆಡ್ರಿ ಹೆಪ್‌ಬರ್ನ್ ಮತ್ತು ಆಲ್ಬರ್ಟ್ ಫಿನ್ನಿ ಜೋಡಿ. ನಿರ್ದೇಶಕ ಸ್ಟ್ಯಾನ್ಲಿ ಡೋನೆನ್. 1952ರ 'ಸಿಂಗಿಂಗ್ ಇನ್ ದಿ ರೇನ್' ಚಿತ್ರವನ್ನು ಜೀನ್ ಕೆಲ್ಲಿ ಜೊತೆ ಸೇರಿ ನಿರ್ದೇಶಿಸಿದವರು, ಮಳೆಯ ಹಾಡು ಎಂದರೆ ಏನೆಂದು ಬಲ್ಲವರು. ಒಂದೇ ಗಂಡಹೆಂಡತಿ ಬೇರೆಬೇರೆ ವರ್ಷಗಳಲ್ಲಿ ಫ್ರಾನ್ಸಿನ ರಸ್ತೆಗಳಲ್ಲಿ ಮಾಡಿದ ಪ್ರಯಾಣಗಳನ್ನು ಹಿಂದೆಮುಂದೆ ಕಲಸಿ ಹೇಳುತ್ತಾರೆ. ಯಾವುದು ಯಾವ ವರ್ಷ ಎಂದು ತಿಳಿಯಲು ಕಾರು ನೋಡಬೇಕು. ಕೈ ಬರಿದಿದ್ದಾಗ ಹಳೇ ಎಂಜಿ, ಇನ್ನೊಮ್ಮೆ ಟ್ರಯಂಫ್ ಹೆರಾಲ್ಡ್ (ನಮ್ಮ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿನ ಅಣ್ಣ!), ಹಣ ಬಂದ ಮೇಲೆ ಬಿಳಿ 230 ಎಸ್‌ಎಲ್. ಆ ಕಾರು ಬರುವ ಹೊತ್ತಿಗೆ ಸಂಸಾರ ಎಲ್ಲ ಮೂಲೆಯಲ್ಲೂ ಸೋರುತ್ತಿರುತ್ತದೆ.

ಇರಲಿ. ಅಮ್ಮನವರ ಮನೆಗೆ ಹೋದೆವು. ಟಾರ್ಪಾಲ್ ಎತ್ತಿದರೆ ಕಾರು ಬೋಳಾಗಿತ್ತು. ಟಾಪು ಪಕ್ಕದಲ್ಲಿ ಸಿಮೆಂಟು ನೆಲದ ಮೇಲೆ ಕೂತಿತ್ತು. ಯಜಮಾನರು ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ, ಹನ್ನೆರಡು ವರ್ಷ. ಮೇಸ್ತ್ರಿ ಅದನ್ನು ನೋಡಿ "ಅಯ್ಯೋ ರಾಮ" ಅಂದರು. ನನಗೆ ಅರ್ಥವಾಗಲಿಲ್ಲ. ಅಷ್ಟು ತೂಕದ ಟಾಪು ಹನ್ನೆರಡು ವರ್ಷ ತನ್ನ ರಬ್ಬರಿನ ಮೇಲೆ ತಾನೇ ಕೂತರೆ ರಬ್ಬರು ಏನಾಗಬೇಕು? ಎತ್ತಿ ತಿರುಗಿಸಿದರೆ ಕೆಳಗಿನ ಬೀಡಿಂಗು ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆ. ಬಾಗಿಲ ಗಾಜಿನ ಮೇಲಿನದು ಚಕ್ಕುಲಿಯ ಹಾಗೆ, ಕೈಯಲ್ಲಿ ಹಿಡಿದರೆ ಚಟಚಟ ಮುರಿಯಿತು. ಟಾಪನ್ನು ಹಗ್ಗದಲ್ಲಿ ತೂಗು ಹಾಕಬೇಕು, ಇಲ್ಲವೇ ರಬ್ಬರು ನೆಲ ಮುಟ್ಟದ ಹಾಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಯಾರ ಮನೆಯಲ್ಲಾದರೂ ಇಂಥದ್ದಿದ್ದರೆ ಇವತ್ತೇ ಎತ್ತಿಸಿ.

ಅಮ್ಮನವರು ಬಾಡಿಗೆ ಮಾತೇ ಆಡಲಿಲ್ಲ. "ದುಡ್ಡು ಬೇಡ. ಅದರ ರಬ್ಬರೆಲ್ಲ ಹೊಸದು ಹಾಕಿಸಿಕೊಡಲಿ ಸಾಕು. ಆದರೆ ಒಂದು ಮಾತು ಮೇಸ್ತ್ರಿಗಳೇ. ಅವರು ಇದ್ದಾಗ ಈ ಗಾಡಿಯ ಒಳಗೆ ಒಂದು ಹನಿ ನೀರು ಬಿದ್ದದ್ದಿಲ್ಲ" ಅಂದರು.

"ಈಗಲೂ ಬೀಳಲ್ಲ ಅಮ್ಮಾವ್ರೇ. ಬಿದ್ದರೆ ನನ್ನನ್ನ ಕೇಳಿ."

ಮೇಸ್ತ್ರಿ ಕೊಟ್ಟ ಮಾತು ಅದು. ನೆನಪಿಟ್ಟುಕೊಳ್ಳಿ.

ನೀರು ಬಿದ್ದರೆ ಏನಂತೆ, ಒರೆಸಿದರಾಯಿತು ಅಂತೀರಾ? ನಾನೂ ಹಾಗೇ ಅಂದಿದ್ದೆ. ಮೇಸ್ತ್ರಿ ನನ್ನನ್ನು ಕಾರಿನ ಕೆಳಗೆ ಮಲಗಿಸಿ ತೋರಿಸಿದರು. ಈ ಗಾಡಿಯ ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳ ಎಲ್ಲ ಅಲ್ಯೂಮಿನಿಯಂ, ತುಕ್ಕು ಹಿಡಿಯುವುದಿಲ್ಲ. ಆದರೆ ಮೈ ಮತ್ತು ನೆಲ ಉಕ್ಕಿನ ತಗಡು. ಮಾಮೂಲಿ ಕಾರಿಗೆ ಟಾಪೂ ಸೇರಿ ಶಕ್ತಿ. ಟಾಪ್ ಕಳಚುವ ಕಾರಿಗೆ ನೆಲ ಮತ್ತು ಬಾಗಿಲ ಕೆಳಗಿನ ಪಟ್ಟಿಗಳೇ ಬೆನ್ನುಮೂಳೆ. ಮೇಲೆ ಸೋರಿದ ನೀರು ಮ್ಯಾಟಿನ ಕೆಳಗೆ ಹೋಗಿ ಕೂರುತ್ತದೆ, ಮೇಲೆ ಒಣಗಿದಂತೆ ಕಾಣುತ್ತದೆ, ಕೆಳಗೆ ವರ್ಷಗಟ್ಟಲೆ ತಿನ್ನುತ್ತದೆ. ಒಂದು ದಿನ ಜಾಕ್ ಕೊಟ್ಟರೆ ಬಾಗಿಲು ಮುಚ್ಚುವುದೇ ಇಲ್ಲ, ಕಾರು ನಡುವೆ ಬಗ್ಗಿರುತ್ತದೆ. "ಬೆನ್ನು ಹೋದ ಮೇಲೆ ಮುಖಕ್ಕೆ ಪೌಡರ್ ಹಾಕಿ ಏನು ಪ್ರಯೋಜನ" ಅಂದರು.

ಬೀಡಿಂಗು ಜರ್ಮನಿಯಿಂದ ಬರಬೇಕಾಯಿತು. ಜೆ.ಸಿ. ರೋಡಿನಲ್ಲಿ ನಾನೇ ಸುತ್ತಿ ನೋಡಿದ್ದೆ, ಹತ್ತಿರದ ಅಳತೆಯದು ಸಿಕ್ಕಿತು. ಮೇಸ್ತ್ರಿ ಬೇಡ ಅಂದರು. ಬಾಗಿಲ ಬೀಡಿಂಗಿಗೂ ಟಾಪಿನ ಬೀಡಿಂಗಿಗೂ ಅಡ್ಡಕ್ಕೆ ಕತ್ತರಿಸಿ ನೋಡಿದರೆ ಆಕಾರವೇ ಬೇರೆ. ಒಂದು ಕಡೆ ತುಟಿ, ಒಂದು ಕಡೆ ಟೊಳ್ಳು, ಒಂದು ಕಡೆ ಹಳಿಯೊಳಗೆ ಕೂರುವ ಪಾದ. ತುಟಿ ಅರ್ಧ ಇಂಚು ಆಚೆ ಈಚೆ ಆದರೂ ನೀರಿಗೆ ಅಷ್ಟೇ ಸಾಕು. ಪ್ರೊಡಕ್ಷನ್ನಿನವರು ಬಿಲ್ಲು ನೋಡಿ ಬೆವರಿದರು. ರಬ್ಬರು, ಸಾಗಣೆ, ಸುಂಕ ಎಲ್ಲ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಿತ್ತು. ಮೂರು ವಾರ ಕಾದು ಕೈಗೆ ಬರುವಷ್ಟರಲ್ಲಿ ಶೂಟಿಂಗಿಗೆ ಐದು ದಿನ ಉಳಿದಿತ್ತು.

ಎರಡು ದಿನ ಹಳೆಯದನ್ನು ಕೀಳುವುದಕ್ಕೇ ಹೋಯಿತು. ಜನ ಹೊಸ ಬೀಡಿಂಗ್ ಅಂಟಿಸುವುದೇ ಕೆಲಸ ಅಂದುಕೊಂಡಿದ್ದಾರೆ. ಅಲ್ಲ ಸ್ವಾಮಿ, ಹಳೇ ಅಂಟು ತೆಗೆಯುವುದು ಕೆಲಸ. ಗಟ್ಟಿಯಾಗಿ ಕಲ್ಲಾದ ಸಲ್ಯೂಷನ್ನಿನ ಮೇಲೆ ಹೊಸದು ಕೂರಿಸಿದರೆ ಅದು ಗುಡ್ಡದ ಮೇಲೆ ಚಾಪೆ ಹಾಸಿದ ಹಾಗೆ. ಉಕ್ಕಿನ ಬ್ಲೇಡು ಮುಟ್ಟಿಸಲು ಮೇಸ್ತ್ರಿ ಬಿಡಲಿಲ್ಲ, ಪೇಂಟಿಗೆ ಗೀರು ಬಿದ್ದರೆ ಅಲ್ಲಿಂದಲೇ ತುಕ್ಕು. ಸ್ಕೂಲು ಹುಡುಗರ ಪ್ಲಾಸ್ಟಿಕ್ ಸ್ಕೇಲು ಒಂದು ಡಜನ್ ತಂದೆ. ಬಟ್ಟೆಗೆ ತಿನ್ನರ್ ಒತ್ತಿಕೊಂಡು ಮೆತ್ತಗೆ ಮಾಡುವುದು, ಸ್ಕೇಲಿನಲ್ಲಿ ಕೆರೆಯುವುದು. ತಿನ್ನರ್ ಸುರಿದರೆ ಪೇಂಟೂ ಎದ್ದು ಬರುತ್ತದೆ.

ಆಮೇಲೆ ಅಂಟು ಹಚ್ಚದೆಯೇ ಎಲ್ಲ ಪಟ್ಟಿಗಳನ್ನೂ ಜಾಗದಲ್ಲಿಟ್ಟು ಟಾಪ್ ಕೂರಿಸಿ ನೋಡಿದೆವು. ಕೊಕ್ಕೆ ಹಾಕಿಕೊಳ್ಳಲೇ ಇಲ್ಲ! ಹೊಸ ರಬ್ಬರು ದಪ್ಪ. ನಾನು ಸನ್ನೆ ಹಾಕಿ ಎಳೆಯಲು ಹೋದೆ, ಮೇಸ್ತ್ರಿ ಕೈಗೆ ಒಂದು ಕೊಟ್ಟರು. ಬಿಸಿಲಿನಲ್ಲಿ ಬಿಟ್ಟು, ಸ್ವಲ್ಪ ಹೊತ್ತಿಗೊಮ್ಮೆ ಸ್ವಲ್ಪ ಸ್ವಲ್ಪ ಎಳೆದು, ಸಂಜೆಗೆ ಕೊಕ್ಕೆ ತಾನಾಗಿ ಬಂದು ಕೂತಿತು. ಬಾಗಿಲ ಗಾಜಿನದು ಇನ್ನೊಂದು ಗೋಳು. ಈ ಕಾರಿನ ಬಾಗಿಲ ಗಾಜಿಗೆ ಮೇಲೆ ಚೌಕಟ್ಟಿಲ್ಲ, ಗಾಜಿನ ಅಂಚೇ ಹೋಗಿ ರಬ್ಬರಿಗೆ ಒತ್ತಬೇಕು. ಎಲ್ಲಿ ಒತ್ತುತ್ತದೆ ಎಲ್ಲಿ ಇಲ್ಲ ಎಂದು ತಿಳಿಯಲು ರಬ್ಬರಿಗೆ ಸೀಮೆಸುಣ್ಣ ಉಜ್ಜಿ ಬಾಗಿಲು ಮುಚ್ಚಿ ತೆಗೆಯುವುದು. ಗಾಜಿನ ಅಂಚಿನ ಮೇಲೆ ಬಿಳಿ ಗೆರೆ ತುಂಡಾದ ಜಾಗದಲ್ಲಿ ಸಂದಿ ಇದೆ ಎಂದರ್ಥ. ಬಾಗಿಲೊಳಗಿನ ತಿರುಪು ಸಡಿಲಿಸಿ ಗಾಜನ್ನು ಕೂದಲೆಳೆಯಷ್ಟು ಒಳಕ್ಕೆ ವಾಲಿಸಿ, ಮತ್ತೆ ಸೀಮೆಸುಣ್ಣ. ಎಷ್ಟು ಸಲ ಆಯಿತು ಅಂತ ಲೆಕ್ಕ ಬಿಟ್ಟೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಾಗಿಲ ಬೀಡಿಂಗು ಕಿರ್ರೆಂದರೆ ಗ್ರೀಸು ಬಳಿಯುವವರಿದ್ದಾರೆ, ಬಳಿಯಬೇಡಿ. ಎಣ್ಣೆ, ಗ್ರೀಸು ಕುಡಿದು ಇಂಥ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಗ್ಲಿಸರಿನ್ನೋ ಸಿಲಿಕೋನ್ ಗ್ರೀಸೋ ಸಾಕು. ಏನೂ ಇಲ್ಲವೇ, ಮಕ್ಕಳ ಪೌಡರು.

ಶೂಟಿಂಗಿನ ಹಿಂದಿನ ದಿನ ಬಂತು. ಹಿಂದಿನದು, ಬದಿಯದು ಎಲ್ಲ ಮೇಸ್ತ್ರಿ ಮುಗಿಸಿದ್ದರು. ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಕೂರುವ ಒಂದೇ ಉದ್ದ ಪಟ್ಟಿ ಬಾಕಿ. ಮಧ್ಯಾಹ್ನ ಮೇಸ್ತ್ರಿಯ ಮನೆಯಿಂದ ಫೋನು, ಮೊಮ್ಮಗುವಿಗೆ ಜ್ವರ. "ಎರಡೂ ಕಡೆ ಸಲ್ಯೂಷನ್ ತೆಳ್ಳಗೆ ಹಚ್ಚು, ಬೆರಳಿಗೆ ಅಂಟೂ ಅಂಟದ ಹಾಗೆ ಆಗೋವರೆಗೂ ಕಾಯಿ, ಆಮೇಲೆ ಒತ್ತು. ಆತುರ ಬೇಡ" ಅಂತ ಹೇಳಿ ಹೊರಟರು.

ಹಚ್ಚಿದೆ. ಕಾದೆ. ಎಡ ಮೂಲೆಯಿಂದ ಶುರು ಮಾಡಿದೆ. ಪಟ್ಟಿ ನೆಟ್ಟಗೆ ಬರಲಿ ಅಂತ ಒಂದು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಒತ್ತಿಕೊಂಡು ಹೋದೆ. ದಾರ ಕಟ್ಟಿದ ಹಾಗೆ ನೇರವಾಗಿ ಬಂತು, ನನಗೇ ಹೆಮ್ಮೆ. ಬಲ ಮೂಲೆಗೆ ಬಂದರೆ ಒಂದೂವರೆ ಇಂಚು ಹೆಚ್ಚಿಗೆ ಉಳಿದಿದೆ! ಜರ್ಮನಿಯವನು ಧಾರಾಳಿ, ಉದ್ದ ಕೊಟ್ಟಿದ್ದಾನೆ ಅಂದುಕೊಂಡೆ. ಬ್ಲೇಡಿನಲ್ಲಿ ಕತ್ತರಿಸಿದೆ. ತುಂಡನ್ನು ಯಾಕೋ ಎಸೆಯದೆ ಜೇಬಿಗೆ ಹಾಕಿಕೊಂಡೆ. ಮೇಸ್ತ್ರಿ ರಾತ್ರಿ ಬಂದು ಟಾರ್ಚಿನಲ್ಲಿ ನೋಡಿದಾಗ ಎಲ್ಲ ಸರಿಯಾಗೇ ಇತ್ತು. ಬೆನ್ನು ತಟ್ಟಿದರು. ತುಂಡಿನ ವಿಷಯ ನಾನು ಹೇಳಲಿಲ್ಲ.

ಎಳೆದ ರಬ್ಬರು ಸುಮ್ಮನಿರುತ್ತದೆಯೇ? ರಾತ್ರಿಯೆಲ್ಲ, ಮಾರನೇ ದಿನದ ಬಿಸಿಲೆಲ್ಲ, ಅದು ಸದ್ದಿಲ್ಲದೆ ತನ್ನ ಉದ್ದಕ್ಕೆ ವಾಪಸು ಹೋಗುತ್ತಿತ್ತು.

ಶೂಟಿಂಗು ನಂದಿ ಬೆಟ್ಟದ ಕಡೆಯ ಒಂದು ರಸ್ತೆಯಲ್ಲಿ. ಸಿನಿಮಾ ಮಳೆ ಹೇಗೆ ಬರುತ್ತದೆ ಗೊತ್ತಲ್ಲ? ಟ್ಯಾಂಕರು, ಪಂಪು, ಮೇಲೆ ಎತ್ತಿ ಹಿಡಿದ ಪೈಪು. ನಿಜವಾದ ತುಂತುರು ಕ್ಯಾಮೆರಾ ಕಣ್ಣಿಗೆ ಬೀಳುವುದಿಲ್ಲ. ದಪ್ಪ ಹನಿ ಬೇಕು, ಹಿಂದಿನಿಂದ ಲೈಟು ಬೇಕು. ಹೀಗಾಗಿ ತೆರೆಯ ಮೇಲಿನ ಸಾಧಾರಣ ಮಳೆ ಅಲ್ಲಿ ನಿಂತವರಿಗೆ ಪ್ರಳಯ. ಮೊದಲ ಎರಡು ಶಾಟ್ ಕಾರು ನಿಂತಿದ್ದಾಗ ತೆಗೆದರು. ಒಳಗೆ ಒಂದು ಹನಿ ಇಲ್ಲ. ಮೇಸ್ತ್ರಿ ಕೊಡೆ ಹಿಡಿದು ನಿಂತು ಮೀಸೆ ಸವರಿಕೊಂಡರು.

ಮೂರನೆಯದು ಕಾರು ಬಂದು ಗಕ್ಕನೆ ನಿಲ್ಲುವ ಶಾಟ್. ಪಗೋಡ ಟಾಪು ನಡುವೆ ತಗ್ಗು ಎಂದೆನಲ್ಲ? ಅಲ್ಲಿ ತುಂಬಿದ್ದ ನೀರೆಲ್ಲ ಬ್ರೇಕ್ ಹಾಕಿದ ತಕ್ಷಣ ಅಲೆಯ ಹಾಗೆ ಮುಂದಕ್ಕೆ ಬಂತು. ಬಲ ಮೂಲೆಯಲ್ಲಿ ರಬ್ಬರು ಹಿಂದೆ ಸರಿದು ಬಾಯಿ ಬಿಟ್ಟಿತ್ತು. ಎಡಗಡೆ ಸ್ಟೀರಿಂಗಿನ ಕಾರು, ಬಲಕ್ಕೆ ಕೂತಿದ್ದವರು ಹೀರೋಯಿನ್. ತಣ್ಣೀರು ನೇರ ಅವರ ಕತ್ತಿನೊಳಕ್ಕೆ. ಹೀರೋ ಪ್ರೇಮ ನಿವೇದನೆ ಮಾಡುತ್ತಿದ್ದಾಗ ಹೀರೋಯಿನ್ ಕಿರುಚಿದ ಕಿರುಚು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಯೂನಿಟ್ಟೆಲ್ಲ ಬಿದ್ದು ಬಿದ್ದು ನಕ್ಕಿತು. ನಗದವರು ಇಬ್ಬರೇ. ಪ್ಯಾಕಪ್ ಅಂದರು.

ಬೆಳಿಗ್ಗೆ ಕಾರು ವಾಪಸು ಬಿಡಲು ಹೋದೆವು. ಸೀಟು ಒರೆಸಿ, ಫ್ಯಾನ್ ಹಾಕಿ, ಎಲ್ಲ ಒಣಗಿಸಿದ್ದೆವು. ಅಮ್ಮನವರು ಬಾಗಿಲು ತೆಗೆದು, ಬಗ್ಗಿ, ಸೀಟು ನೋಡಲೇ ಇಲ್ಲ. ಸೀದಾ ಮ್ಯಾಟಿನ ಕೆಳಗೆ ಕೈ ಹಾಕಿದರು. ಕೈ ಹೊರಗೆ ತೆಗೆದಾಗ ಬೆರಳು ಒದ್ದೆ. ಏನೂ ಅನ್ನಲಿಲ್ಲ. ಸೆರಗಿಗೆ ಒರೆಸಿಕೊಂಡರು.

"ತಪ್ಪು ನಂದೇ ಅಮ್ಮಾವ್ರೇ. ಮುಂದಿನ ಬೀಡಿಂಗ್ ನಾನೇ ಸರಿಯಾಗಿ ಕೂರಿಸಲಿಲ್ಲ" ಅಂದರು ಮೇಸ್ತ್ರಿ.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಶೆಡ್ಡಿಗೆ ಬಂದ ಮೇಲೆ ಮೇಸ್ತ್ರಿ ಟಾಪು ಎತ್ತಿಸಿ ಮೂಲೆ ನೋಡಿದರು. ಬ್ಲೇಡಿನ ಗುರುತಿನ ಮೇಲೆ ಬೆರಳಾಡಿಸಿದರು. "ಎಳೆದಾ?" ಅಂದರು. ತಲೆ ಆಡಿಸಿದೆ. "ಕತ್ತರಿಸಿದಾ?" ಜೇಬಿನಿಂದ ತುಂಡು ತೆಗೆದು ಕೊಟ್ಟೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಸದ್ಯ, ಎಸೆದಿಲ್ಲವಲ್ಲ" ಅಂದರು. ಹೊಸ ಪಟ್ಟಿ ಬರಲು ಇನ್ನೂ ಮೂರು ವಾರ, ಶೂಟಿಂಗಿನವರು ಕೊಟ್ಟದ್ದು ಮೂರು ದಿನ.

ಅಂಟು ಮೆತ್ತಗೆ ಮಾಡಿ ಪಟ್ಟಿಯನ್ನು ಗಾಯದ ಬ್ಯಾಂಡೇಜು ಬಿಚ್ಚುವ ಹಾಗೆ ಬಿಚ್ಚಿದೆವು. ಮೇಜಿನ ಮೇಲೆ ಬಿಟ್ಟರೆ ನೋಡನೋಡುತ್ತ ಇನ್ನೂ ಸ್ವಲ್ಪ ಕುಗ್ಗಿತು. ಆಮೇಲೆ ಮೇಸ್ತ್ರಿ ಮಾಡಿದ್ದು ನೋಡಿ ನನಗೆ ಎದೆ ಧಸಕ್ಕೆಂದಿತು. ಬ್ಲೇಡು ತೆಗೆದುಕೊಂಡು ಚೆನ್ನಾಗಿದ್ದ ಪಟ್ಟಿಯನ್ನು ಇನ್ನೊಂದು ಜಾಗದಲ್ಲಿ ಕತ್ತರಿಸಿಬಿಟ್ಟರು! "ಮೂಲೆಯಲ್ಲಿ ಆಗಲೇ ಮುಂದಿಂದು, ಪಕ್ಕದ್ದು, ಗಾಜಿನ ಕಂಬದ್ದು ಮೂರು ಬೀಡಿಂಗು ಸೇರ್ತಾವೆ. ಅಲ್ಲಿ ನಾಲ್ಕನೇ ಜಾಯಿಂಟ್ ಮಾಡಿದ್ರೆ ಕೆಟ್ಟೆ. ಜಾಯಿಂಟು ಕೊಕ್ಕೆ ಪಕ್ಕದಲ್ಲಿರಲಿ, ಅಲ್ಲಿ ಅಮುಕು ಜಾಸ್ತಿ." ಕತ್ತರಿಸಿದ ತುದಿಯನ್ನು ಮೂಲೆಗೆ ಸರಿಸಿ ಕೂರಿಸಿ, ನಡುವೆ ಬಿದ್ದ ಸಂದಿಗೆ ನನ್ನ ಒಂದೂವರೆ ಇಂಚಿನ ತುಂಡು ಇಟ್ಟು, ಎರಡೂ ಕಡೆ ಕ್ಷಣದಲ್ಲಿ ಹಿಡಿಯುವ ಅಂಟು ಒಂದೊಂದು ಹನಿ ಬಿಟ್ಟು ಬೆರಳಲ್ಲಿ ಒತ್ತಿ ಹಿಡಿದರು. ಪೂರ್ತಿ ಪಟ್ಟಿ ಅಂಟಿಸಲು ನನ್ನ ಕೈಗೇ ಕೊಟ್ಟರು. "ಎಳೀಬೇಡ. ತಳ್ಳು. ಅಂಗುಲ ಅಂಗುಲಕ್ಕೂ ಹಿಂದಕ್ಕೆ ಚೂರು ತಳ್ಳಿಕೊಂಡು ಒತ್ತು. ರಬ್ಬರು ಇಕ್ಕಟ್ಟಾಗಿ ಕೂತಿರಬೇಕು." ಎರಡು ಮೂಲೆ ಮೊದಲು, ಆಮೇಲೆ ನಡುವಿನದು. ಮುಗಿಯುವಾಗ ರಾತ್ರಿ ಹನ್ನೊಂದು.

ಮಾರನೇ ದಿನ ಅಮ್ಮನವರ ಮನೆಯ ಅಂಗಳದಲ್ಲೇ ಪರೀಕ್ಷೆ ಅಂತ ತೀರ್ಮಾನವಾಯಿತು. ಮೊದಲು ಮೇಸ್ತ್ರಿ ಸೀಟಿನ ಹಿಂದಿನ ಗುಂಡಿಯಲ್ಲಿ ನೀರು ಹೋಗುವ ತೂತುಗಳಿಗೆ ತಂತಿ ಹಾಕಿ ಹನ್ನೆರಡು ವರ್ಷದ ಎಲೆ, ಮಣ್ಣು ಎಲ್ಲ ತೆಗೆದರು. ಬೀಡಿಂಗು ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ನೀರು ಹರಿದು ಹೋಗುವ ದಾರಿ ಇರಲೇಬೇಕು. ಆ ದಾರಿ ಕಟ್ಟಿಕೊಂಡಿದ್ದರೆ ಅಪವಾದ ಬರುವುದು ರಬ್ಬರಿನ ಮೇಲೆ. ಪೈಪು ಸಿದ್ಧವಾಯಿತು.

ಆಗ ನನಗೆ ಏನಾಯಿತೋ ಗೊತ್ತಿಲ್ಲ. "ಅಮ್ಮ, ಅವತ್ತು ಅದನ್ನ ಕೂರಿಸಿದ್ದು ಮೇಸ್ತ್ರಿ ಅಲ್ಲ, ನಾನು. ಎಳೆದು ಕತ್ತರಿಸಿದ್ದೂ ನಾನೇ" ಅಂದೆ. ಮೇಸ್ತ್ರಿ ಬೇರೆ ಕಡೆ ನೋಡಿದರು. ಅಮ್ಮನವರು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು.

"ಇವತ್ತಿನದು ಯಾರು ಕೂರಿಸಿದ್ದು?"

"ಇದೂ ನಾನೇ ಅಮ್ಮ."

"ಹಾಗಾದರೆ ನೀನು ಒಳಗೆ ಕೂತ್ಕೋ ಮರಿ. ನೀರು ನಾನು ಬಿಡ್ತೀನಿ."

ಬಲಗಡೆಯ ಸೀಟು, ಅದೇ ಹೀರೋಯಿನ್ ಸೀಟು. ಕೈಯಲ್ಲಿ ಟಾರ್ಚು, ತೊಡೆಯ ಮೇಲೆ ಹಳೇ ಸಿನಿಮಾ ಪತ್ರಿಕೆಯ ಹಾಳೆಗಳು. ಆ ಕಾಗದಕ್ಕೆ ಒಂದು ಹನಿ ಬಿದ್ದರೂ ತಕ್ಷಣ ಕಲೆ ಕಾಣುತ್ತದೆ. ಮೇಸ್ತ್ರಿ ಹೊರಗೆ ನಿಂತು ಹೇಳಿಕೊಟ್ಟ ಹಾಗೆ ಅಮ್ಮನವರು ಕೆಳಗಿನಿಂದ ಶುರು ಮಾಡಿದರು. ಮೊದಲು ಬಾಗಿಲ ಬುಡ, ಆಮೇಲೆ ಗಾಜು, ಆಮೇಲೆ ಮೂಲೆ. ಮೇಲಿನಿಂದ ಸುರಿದರೆ ಎಲ್ಲಿ ಸೋರಿತು ಎಂದು ಗೊತ್ತಾಗುವುದಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಿದ್ದರು. ಬಲ ಮೂಲೆಗೆ ಬಂದವರು ಅಲ್ಲೇ ನಿಂತುಬಿಟ್ಟರು, ಕದಲಲೇ ಇಲ್ಲ. ನಾನು ಕತ್ತು ಎತ್ತಿ, ಉಸಿರು ಬಿಗಿ ಹಿಡಿದು, ಕೊಕ್ಕೆಯ ಪಕ್ಕದ ಆ ಎರಡು ಗೆರೆಗಳನ್ನೇ ನೋಡುತ್ತ ಕೂತೆ. ಐದು ನಿಮಿಷ ಆಗಿರಬೇಕು. ತೊಡೆಯ ಮೇಲಿನ ಹಾಳೆಯಲ್ಲಿ ಯಾರೋ ಹೀರೋನ ಮುಖ ಒಣಗಿಕೊಂಡೇ ಇತ್ತು.

ಅಮ್ಮನವರು ಪೈಪು ಸ್ವಲ್ಪ ಇಳಿಸಿ, ಗಾಜಿನ ಹತ್ತಿರ ಬಗ್ಗಿ, ನನಗೇನೋ ಹೇಳಿದರು. ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ತುಟಿ ಆಡಿದ್ದು ಮಾತ್ರ ಕಂಡಿತು.

"ಏನಂದ್ರಿ ಅಮ್ಮಾ?" ಅಂತ ಕೂಗಿದೆ.

ಅವರಿಗೂ ಕೇಳಿಸಲಿಲ್ಲ.